ಎದೆಯೊಳಗಿನ ಮೂರನೆಯ ಒನಕೆ

ಲೋಕ ಇನ್ನೂ ಹಸಿಹಸಿಯಾಗಿದ್ದಾಗ, ಹೊಳೆಗೂ ಗಾಳಿಗೂ ಮಾತು ಬರುತ್ತಿದ್ದಾಗ, ಮೊದಲ ಮಗು ಹುಟ್ಟಿತು. ಅದರ ಎದೆಯೊಳಗೊಂದು ಒರಳು. ಒರಳಿನ ಸುತ್ತ ನಿಂತು ಮೂವರು ಅಕ್ಕತಂಗಿಯರು ಒಬ್ಬರಾದ ಮೇಲೊಬ್ಬರು ಒನಕೆ ಹಾಕುತ್ತಿದ್ದರು. ಅವರು ಕುಟ್ಟಿದರೆ ಮೈತುಂಬ ನೆತ್ತರ ಹೊಳೆ ಹರಿಯುತ್ತಿತ್ತು. ಕೈ ನಿಲ್ಲಿಸಿದರೆ ಮಗು ಉಳಿಯುವಂತಿರಲಿಲ್ಲ.

ಆ ಹೊಳೆಗೆ ಕಾವಲು ದ್ಯಾಮಣ್ಣ. ಬಲು ನಿಯತ್ತಿನ ಆಳು, ಆದರೆ ಸಿಟ್ಟು ಮೂಗಿನ ತುದಿಯಲ್ಲೇ! ಒನಕೆಯ ಸದ್ದು ಕೇಳುತ್ತಲೇ ದೊಡ್ಡವನಾದವನು. ಕುಟ್ಟುವವರ ಮುಖ ಮಾತ್ರ ಎಂದೂ ಕಂಡಿರಲಿಲ್ಲ.

ಒಂದು ದಿನ ಜ್ವರದ ಕಳ್ಳರು ಮೈಯೊಳಗೆ ನುಗ್ಗಿದರು. ಎಲ್ಲರದೂ ಕೆಂಪು ಬಟ್ಟೆ.

“ಕೆಂಪು ಬಟ್ಟೆ ಕಂಡಲ್ಲಿ ಬಡೀರೋ! ಒಬ್ಬರನ್ನೂ ಬಿಡಬೇಡಿ!” ಎಂದು ದ್ಯಾಮಣ್ಣ ತನ್ನ ಪಡೆಗೆ ಕೂಗಿ ಹೇಳಿದ.

ಕಳ್ಳರು ಓಡಿ ಓಡಿ ಎದೆಯೊಳಗೆ ಹೊಕ್ಕರು. ಪಡೆ ಅಲ್ಲಿಗೂ ನುಗ್ಗಿ ಬಡಿಯಿತು. ಕಳ್ಳರೆಲ್ಲ ಸತ್ತರು, ಬಡಿಯುವ ಕೈಗಳು ನಿಲ್ಲಲಿಲ್ಲ. ಅಯ್ಯೋ, ಏನು ಹೇಳಲಿ! ಆ ಅಕ್ಕತಂಗಿಯರ ಸೀರೆಯೂ ಕೆಂಪೇ ಆಗಿತ್ತು.

“ದ್ಯಾಮಣ್ಣಾ, ನನಗೆ ಹರಿಯೋಕಾಗ್ತಿಲ್ಲ ಕಣೋ,” ಎಂದಿತು ನೆತ್ತರ ಹೊಳೆ.

“ಮಗುವಿನ ತುಟಿ ನೀಲಿಗಟ್ಟಿದೆ,” ಎಂದಿತು ಉಸಿರಿನ ಗಾಳಿ.

ದ್ಯಾಮಣ್ಣ ಕಿವಿಗೊಟ್ಟ. ಒನಕೆಯ ಸದ್ದು ತಪ್ಪುತ್ತಿತ್ತು. ಬಿದ್ದು ಎದ್ದು ಎದೆಯೊಳಗೆ ಓಡಿದ.

“ನಿಲ್ಸ್ರೋ! ಸಾಕು, ನಿಲ್ಸಿ!”

ಕಿರಿಯವಳು ಚಂಪವ್ವ ಒರಳಿನ ಪಕ್ಕ ಸತ್ತು ಬಿದ್ದಿದ್ದಳು. ಉಳಿದಿಬ್ಬರು ಮೈಯೆಲ್ಲ ಗಾಯವಾಗಿ, ಅಳುತ್ತಾ, ಕುಟ್ಟುತ್ತಲೇ ಇದ್ದರು.

“ನಾವು ನಿಮ್ಮವರೇ ಅಂತ ಒಂದು ಮಾತು ಕೂಗಬಾರದಿತ್ತೇನವ್ವಾ?” ಎಂದ ದ್ಯಾಮಣ್ಣ.

“ಕೂಗೋಕೆ ನಿಂತಿದ್ರೆ ಒನಕೆ ನಿಲ್ತಿತ್ತಲ್ಲಪ್ಪಾ,” ಎಂದಳು ಹಿರಿಯವಳು ಬಾಳವ್ವ, ಕೈ ನಿಲ್ಲಿಸದೆ. “ಮಗು ಉಳೀಬೇಕಿತ್ತು.”

ದ್ಯಾಮಣ್ಣ ಬಿಕ್ಕಿ ಬಿಕ್ಕಿ ಅತ್ತ. ಚಂಪವ್ವನ ಒನಕೆ ಎತ್ತಿಕೊಂಡ. “ಇವಳ ಸರದಿ ನಾನು ಕುಟ್ತೀನಿ,” ಎಂದ. ಎಷ್ಟು ಪಾಡುಪಟ್ಟರೂ ಅವನ ಪೆಟ್ಟು ಹೊತ್ತಿಗೆ ಸರಿಯಾಗಿ ಬೀಳಲಿಲ್ಲ. ಬಡಿಯುವ ಕೈಗೆ ಕುಟ್ಟುವುದು ಬರಲಿಲ್ಲ.

“ಇಟ್ಟುಬಿಡಪ್ಪ,” ಎಂದಳು ಬಾಳವ್ವ. “ಅವಳ ಸರದಿ ಬಂದಾಗ ನಾವು ಸುಮ್ಮನಿರ್ತೀವಿ. ನೀನೂ ಸುಮ್ಮನಿರು.”

ಮಗು ಉಳಿಯಿತು. ಮೆಲ್ಲಗೆ ಕಣ್ಣು ಬಿಟ್ಟು ನೀರು ಕೇಳಿತು.

ಈಗ ನಿನ್ನ ಅವ್ವನ ಎದೆಗೆ ಕಿವಿಯಿಟ್ಟು ನೋಡು ಮಗಾ, ಲಬ್, ಡಬ್ ಅಂತ ಎರಡೇ ಪೆಟ್ಟು ಕೇಳುತ್ತೆ, ಆಮೇಲೆ ಒಂದು ಚಣ ಏನೂ ಇರಲ್ಲ. ಅದು ಚಂಪವ್ವನ ಸರದಿ.