ನೀಲಿ ವಿಮಾನದ ಮೇಷ್ಟ್ರು

"ಬುದ್ಧಿ, ಗೊತ್ತಿದ್ದೂ ಗೊತ್ತಿಲ್ಲ ಎಂದರೆ ತಪ್ಪೇ? ಅದು ವಿನಯವಲ್ಲವೇ?" ಎಂದು ಶಿಷ್ಯನೊಬ್ಬ ಗುರುವನ್ನು ಕೇಳಿದ.

ಅವನು ಪಾಠವನ್ನೆಲ್ಲ ಬೇರೆ ಮಠದಲ್ಲಿ ಕಲಿತು ಬಂದಿದ್ದ. ಇಲ್ಲಿ ಮಾತ್ರ ಏನೂ ಬಾರದೆಂದು ಹೇಳಿ ಹೊಸಬರ ಸಾಲಿನಲ್ಲಿ ಕೂತ. ವಾರದೊಳಗೆ ಎಲ್ಲವನ್ನೂ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದ.

"ವಿನಯವೋ! ಒಳ್ಳೇ ಹೆಸರಿಟ್ಟೆಯಪ್ಪ ಅದಕ್ಕೆ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದು ಗುರು ಶುರುಮಾಡಿದರು.

ಒಂದೂರಿನಲ್ಲಿ ಸಣ್ಣ ವಿಮಾನ ಇಟ್ಟುಕೊಂಡ ಹವ್ಯಾಸಿಗಳು ಪಂದ್ಯ ಕಟ್ಟುತ್ತಿದ್ದರು. ಎಲ್ಲ ವಿಮಾನದ ವೇಗ ಒಂದೇ ಅಲ್ಲವಲ್ಲ? ಅದಕ್ಕೆ ಮೊದಲೇ ಒಬ್ಬೊಬ್ಬರನ್ನೂ ಹಾರಿಸಿ ವೇಗ ಅಳೆಯುತ್ತಿದ್ದರು. ಪಂದ್ಯದ ದಿನ ನಿಧಾನದವನು ಮೊದಲು ಹೊರಡಬೇಕು, ಜೋರಿನವನು ಕೊನೆಗೆ. ಅಳತೆ ಸರಿಯಿದ್ದರೆ ಎಲ್ಲರೂ ಗುರಿಯ ಹತ್ತಿರ ಬರುವ ತನಕ ಯಾರೂ ಯಾರನ್ನೂ ದಾಟುವುದಿಲ್ಲ.

ಅಲ್ಲೊಬ್ಬ ವ್ಯಾಪಾರಿ. ಅವನದು ಬಲು ಜೋರಿನ ವಿಮಾನ. ಹೇಗಾದರೂ ಮಾಡಿ ಗೆಲ್ಲಬೇಕು ಅವನಿಗೆ. ಅಳೆಯುವ ದಿನ ಎಂಜಿನ್ನಿಗೆ ಅರ್ಧ ಜೋರೂ ಕೊಡಲಿಲ್ಲ. "ಹಳೇ ಗಾಡಿ ಸ್ವಾಮಿ, ಇಷ್ಟೇ ಇದರ ಉಸಿರು" ಎಂದು ತಲೆ ಕೆರೆದುಕೊಂಡ. ಪಾಪ, ಎಲ್ಲರೂ ನಂಬಿದರು.

ಎಲ್ಲರಿಗಿಂತ ಮೊದಲು ಹೊರಡುವವರು ಒಬ್ಬ ಮೇಷ್ಟ್ರು. ಬಟ್ಟೆ ಹೊದಿಸಿದ ನೀಲಿ ವಿಮಾನ ಅವರದು. ವ್ಯಾಪಾರಿಗೆ ಅವರ ಹಿಂದಿನ ಸರದಿಯೇ ಸಿಕ್ಕಿತು. ಮೇಷ್ಟ್ರಿಗೆ ಖುಷಿಯೋ ಖುಷಿ. "ನಿಮ್ಮದೂ ನನ್ನ ಹಾಗೇನಾ? ಇಷ್ಟು ದಿನ ನಾನೊಬ್ಬನೇ ಇದ್ದೆ. ಜೊತೆಯಾಯಿತು ಬಿಡಿ" ಎಂದು ವ್ಯಾಪಾರಿಯ ಕೈ ಹಿಡಿದುಕೊಂಡರು.

ಮೇಷ್ಟ್ರು ಹೊರಟರು. ಹಿಂದೆಯೇ ವ್ಯಾಪಾರಿ ಹೊರಟು ಪೂರ್ತಿ ಜೋರು ಕೊಟ್ಟ. ಮೇಷ್ಟ್ರ ವಿಮಾನದ ರೆಕ್ಕೆ ತಲೆಯ ಮೇಲಿತ್ತು, ಮೇಲಿಂದ ಬರುವುದು ಅವರಿಗೆ ಕಾಣದು. ಅವರಿಗಿಂತ ಮೇಲೆ ಹಾರುತ್ತಿದ್ದ ವ್ಯಾಪಾರಿಯ ವಿಮಾನದ ರೆಕ್ಕೆ ಕಾಲಿನ ಕೆಳಗಿತ್ತು, ಕೆಳಗಿರುವುದು ಅವನಿಗೆ ಕಾಣದು. ಹಿಂದಿನವನು ಇಷ್ಟು ಬೇಗ ಬರುತ್ತಾನೆಂದು ಮೇಷ್ಟ್ರು ಎಣಿಸಿರಲೇ ಇಲ್ಲ.

ವ್ಯಾಪಾರಿಯೇ ಮೊದಲು ಗುರಿ ಮುಟ್ಟಿದ. ಇಳಿದವನೇ ಎರಡೂ ಕೈ ಮೇಲೆತ್ತಿದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವನ ವಿಮಾನದ ಚಕ್ರವನ್ನೇ ನೋಡುತ್ತಿದ್ದರು. ಅವನೂ ಬಗ್ಗಿ ನೋಡಿದ. ಚಕ್ರಕ್ಕೆ ಒಂದು ತುಂಡು ನೀಲಿ ಬಟ್ಟೆ ಸುತ್ತಿಕೊಂಡಿತ್ತು. ಏನೋ ತಗಲಿತೆಂಬುದೇ ಅವನಿಗೆ ಗೊತ್ತಾಗಿರಲಿಲ್ಲ. ಎತ್ತಿದ ಕೈ ಇಳಿಸುವುದನ್ನೂ ಮರೆತು ಹಾಗೆಯೇ ನಿಂತುಬಿಟ್ಟ.

"ಅಯ್ಯಯ್ಯೋ! ಮೇಷ್ಟ್ರು?" ಎಂದು ಶಿಷ್ಯ ಎದ್ದೇ ನಿಂತ.

"ಹೊಲವೊಂದರಲ್ಲಿ ಸಿಕ್ಕಿದರು. ಜೀವ ಉಳಿಯಿತು. ಆದರೆ ಮತ್ತೆಂದೂ ಅವರು ವಿಮಾನ ಹತ್ತಲಿಲ್ಲ."

ಶಿಷ್ಯ ಮತ್ತೆ ಕೂತ. "ಎಂಥ ಪಾಪಿ ಅವನು, ಬುದ್ಧಿ! ಸದ್ಯ, ನನ್ನಿಂದ ಯಾರಿಗೂ ಏನೂ ಆಗಲಿಲ್ಲ" ಎಂದ.

ಗುರು ಹೊಸಬರ ಸಾಲಿನಲ್ಲಿ ಅವನ ಪಕ್ಕದ ಖಾಲಿ ಮಣೆಯನ್ನು ನೋಡಿದರು.

"'ಏನೂ ಬಾರದೆ ಬಂದವರೇ ವಾರದಲ್ಲಿ ಕಲಿತರು, ನನ್ನ ತಲೆಗೆ ಈ ಜನ್ಮದಲ್ಲಿ ಹತ್ತುವುದಿಲ್ಲ' ಎಂದು ಅತ್ತು, ನಿನ್ನ ಪಕ್ಕದವನು ಬೆಳಗ್ಗೆ ಗಂಟು ಕಟ್ಟಿಕೊಂಡು ಹೊರಟುಹೋದ."