ಒಂದು ಚಮಚ ಹೆಪ್ಪು

ಹೊಳೆದಂಡೆಯ ಆಶ್ರಮದಲ್ಲಿ ಅಡಿವೆಪ್ಪ ಮಾಸ್ತರ ಎಂಬಾತ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ. ನಿವೃತ್ತನಾದ ಮೇಲೆ ಸಂಗಯ್ಯಜ್ಜನವರ ಶಿಷ್ಯನಾಗಿ ಬಂದು ಸೇರಿದವನು. ತಲೆ ನರೆತಿತ್ತು. ಹಟಕ್ಕೆ ಮಾತ್ರ ಇನ್ನೂ ಎಳೆಪ್ರಾಯ.

ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಗುರುವಿನ ಮುಂದೆ ಕೂತ.

"ಅಜ್ಜಾರ, ಮಕ್ಕಳಿಗಂತ ಒಂದು ಪುಸ್ತಕ ಬರಿಯಾಕತ್ತೇನ್ರಿ. ಆರಂಭ ಅನ್ನೂದಕ್ಕ ಇಂಗ್ಲಿಷಿನ್ಯಾಗ ಹತ್ತೊಂಬತ್ತು ಶಬ್ದ ಸಿಕ್ಕಾವು."

"ಹತ್ತೊಂಬತ್ತು! ಎಲ್ಲಾ ಒಂದೇ ಅಲ್ಲೇನು?"

"ಅಲ್ರೀ. ಮೋಟಾರಿಗೆ ಸ್ಟಾರ್ಟ್. ಪಾಠಕ್ಕ ಬಿಗಿನ್. ದೊಡ್ಡವರ ಸಭಾಕ್ಕ ಕಮೆನ್ಸ್. ಮಳಿಗಾಲಕ್ಕ, ಜಡ್ಡಿಗೆ ಆನ್‌ಸೆಟ್. ಹೊಳಿ ಹುಟ್ಟೂ ಜಾಗಾಕ್ಕ ಸೋರ್ಸ್. ಒಂದರ ಜಾಗಾದಾಗ ಇನ್ನೊಂದು ಹಾಕಿದ್ರ ಬಲ್ಲವರು ನಗ್ತಾರ್ರಿ."

ಅಜ್ಜನವರು ತಲೆದೂಗಿದರು.

"ಹನ್ನೊಂದು ವರ್ಷ ಮಾತು ಬಿಟ್ಟವರು ಮತ್ತ ಮಾತಾಡಬೇಕು. ಅದಕ್ಕ ಯಾವ ಶಬ್ದ?"

ಅಡಿವೆಪ್ಪ ನೋಟ್‌ಬುಕ್ ಮುಚ್ಚಿದ.

ಹೊಳೆಯಾಚೆಯ ಊರಿನಲ್ಲಿ ಅವನ ಅಕ್ಕ ನೀಲವ್ವ ಇದ್ದಳು. ಅವಳ ಮಗಳ ಲಗ್ನಪತ್ರಿಕೆಯಲ್ಲಿ ಸೋದರಮಾವನಾದ ತನ್ನ ಹೆಸರು ಯಾರೋ ದೂರದ ನೆಂಟರ ಕೆಳಗೆ ಅಚ್ಚಾಗಿದೆಯೆಂದು ಮುನಿದು ಅವನು ಮದುವೆಗೇ ಹೋಗಿರಲಿಲ್ಲ. ತಾನೇ ಎತ್ತಿ ಆಡಿಸಿದ ಹುಡುಗಿಯ ಮದುವೆ. ಅಂದಿನಿಂದ ಅಕ್ಕ ಈಚೆ ದಡಕ್ಕೆ ಬಂದಿಲ್ಲ, ಇವನು ಆಚೆ ದಡಕ್ಕೆ ಹೋಗಿಲ್ಲ.

ಈಗ ಸುದ್ದಿ ಬಂದಿತ್ತು. ನೀಲವ್ವನ ಕಿವಿ ಮಂದವಾಗುತ್ತಿದೆ, ಇನ್ನು ಕೆಲವು ತಿಂಗಳಲ್ಲಿ ಏನೂ ಕೇಳಿಸದು ಎಂದು ಡಾಕ್ಟರು ಹೇಳಿದ್ದಾರೆ. ತನ್ನ ದನಿ ಅಕ್ಕನಿಗೆ ಇನ್ನೊಮ್ಮೆ ಕೇಳಿಸುವುದೋ ಇಲ್ಲವೋ ಎಂಬ ಭಯ ಅಡಿವೆಪ್ಪನನ್ನು ಒಳಗೊಳಗೇ ತಿನ್ನುತ್ತಿತ್ತು.

"ಮೊದಲನೇ ಮಾತೇ ಹೊಳೀವಲ್ದು ಅಜ್ಜಾರ," ಎಂದ. "ಹಳೇದು ಒಂದು ತೊಟ್ಟೂ ಉಳೀಬಾರದು. ಎಲ್ಲಾ ತೊಳದು ಹೊಸದಾಗಿ ಸುರು ಮಾಡಬೇಕು ಅಂತೀನಿ."

"ತೊಳಿ," ಎಂದು ಅಜ್ಜನವರು ನಕ್ಕರು. "ಇವತ್ತು ಅಡಗಿಮನಿ ಪಾಳೀನೂ ನಿಂದೇ ಐತಿ."

ಸಿಟ್ಟು ಬಂದರೂ ದುಃಖವಾದರೂ ಪಾತ್ರೆ ತಿಕ್ಕುವುದು ಅಡಿವೆಪ್ಪನ ಚಾಳಿ. ಆ ದಿನ ಅಡುಗೆಮನೆಯಲ್ಲಿ ಅವನ ಕೈಗೆ ಸಿಗದೆ ಉಳಿದ ಪಾತ್ರೆ ಒಂದೂ ಇರಲಿಲ್ಲ.

ಇಳಿಹೊತ್ತಿಗೆ ಹಾಲು ಕಾಯಿಸಿ ಆರಿಸಿದ. ಹೆಪ್ಪು ಹಾಕೋಣವೆಂದು ಮೊಸರಿನ ಗಡಿಗೆಯನ್ನು ಇಳಿಸಿ ನೋಡಿದರೆ ಒಳಗೆ ಏನೂ ಇಲ್ಲ. ತಳದಲ್ಲಿ ಉಳಿಸಿದ್ದ ನಿನ್ನೆಯ ಮೊಸರನ್ನು ಅವನೇ ಬಚ್ಚಲಿಗೆ ಚೆಲ್ಲಿ ಗಡಿಗೆ ತೊಳೆದಿಟ್ಟಿದ್ದ.

ಅಜ್ಜನವರು ಬಂದು ಇಣುಕಿದರು.

"ಹೊಸಾ ಹಾಲು, ತೊಳದ ಗಡಿಗಿ. ಮತ್ತೇನು ಬೇಕು?"

"ಹೆಪ್ಪಿಲ್ದ ಮೊಸರು ಹೆಂಗಾಗತೈತ್ರಿ, ಅಜ್ಜಾರ?"

ಅಜ್ಜನವರು ಗೂಡಿನಿಂದ ಒಂದು ಖಾಲಿ ಬಟ್ಟಲು ತೆಗೆದು ಅವನ ಕೈಗಿಟ್ಟರು.

"ನೀಲವ್ವನ ಮನ್ಯಾಗ ಕೇಳ್ಕೊಂಡು ಬಾ. ದೀಪಾ ಹಚ್ಚಿದ ಮ್ಯಾಲ ಯಾರೂ ಹೆಪ್ಪು ಕೊಡೂದಿಲ್ಲ. ಲಗೂನ ಹೋಗು."

ಅಡಿವೆಪ್ಪ ಬಾಗಿಲವರೆಗೆ ಹೋಗಿ ತಿರುಗಿದ.

"ಹೋಗಿ ಏನನ್ಲಿ ಅಜ್ಜಾರ?"

"ಹೆಪ್ಪಿಲ್ಲ ಅನ್ನು."

ದೋಣಿ ಆಚೆ ದಡ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅಡಿವೆಪ್ಪ ಆ ವಯಸ್ಸಿನಲ್ಲೂ ಓಡಿದ. ನೀಲವ್ವ ದೇವರ ಮುಂದೆ ಬತ್ತಿ ಹೊಸೆದಿಟ್ಟು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದಳು.

"ಅಕ್ಕಾ, ಹೆಪ್ಪಿಲ್ಲ," ಎಂದ ಹೊಸ್ತಿಲಲ್ಲಿ ನಿಂತು.

ಅವಳಿಗೆ ಕೇಳಿಸಲಿಲ್ಲ.

"ಅಕ್ಕಾ! ಒಂದು ಚಮಚಾ ಹೆಪ್ಪು ಕೊಡವಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ನೀಲವ್ವ ತಿರುಗಿದಳು. ತಮ್ಮನನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಕಡ್ಡಿಪೆಟ್ಟಿಗೆಯನ್ನು ಕೆಳಗಿಟ್ಟು ಒಳಗೆ ಹೋಗಿ, ಬಟ್ಟಲಿನ ತುಂಬ ಮೊಸರು ತಂದಳು.

"ಪತ್ರಿಕ್ಯಾಗ ನಿನ್ನ ಹೆಸರು ಕೆಳಗ ಹಾಕ್ಸಿದ್ದು ನಾನೇ, ತಪ್ಪು ನಂದೇ," ಎಂದಳು. "ಬೈಯಾಕರ ಬರಬೇಕಿತ್ತಲ್ಲೋ ತಮ್ಮಾ. ಹನ್ನೊಂದು ವರ್ಷ ಹಾದಿ ನೋಡೀನಿ."

ಅಡಿವೆಪ್ಪ ಹೊಸ್ತಿಲಲ್ಲೇ ಕೂತು ಅತ್ತ. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದಳು. ಅವಳ ಮನೆಯಲ್ಲಿ ಆ ದಿನ ದೀಪ ತಡವಾಗಿ ಹತ್ತಿತು.

ಅವನು ಆಶ್ರಮಕ್ಕೆ ಮರಳಿದಾಗ ಅಜ್ಜನವರು ಹಾಲನ್ನು ಒಲೆಯ ಪಕ್ಕದಲ್ಲಿ ಉಗುರುಬೆಚ್ಚಗೆ ಇಟ್ಟುಕೊಂಡು ಕೂತಿದ್ದರು. ಅವನ ಕಣ್ಣು ಕೆಂಪಾಗಿತ್ತು, ಬಟ್ಟಲು ತುಂಬಿತ್ತು.

ಅಡಿವೆಪ್ಪ ಹಾಲಿಗೆ ಹೆಪ್ಪು ಬೆರೆಸಿ ಗಡಿಗೆ ಮುಚ್ಚಿದ. ಆಮೇಲೆ ನೋಟ್‌ಬುಕ್ ತಂದು ಗುರುವಿನ ಮುಂದಿಟ್ಟ.

"ಹತ್ತೊಂಬತ್ತರಾಗ ಒಂದೂ ಉಪಯೋಗಕ್ಕ ಬರ್ಲಿಲ್ರಿ ಅಜ್ಜಾರ. ಒಲಿಗೆ ಹಾಕ್ಲೇನು? ನಾಳಿಂದ ಎಲ್ಲಾ ಹೊಸದಾಗಿ ಬರೀತೀನಿ."

ಅಜ್ಜನವರು ನೋಟ್‌ಬುಕ್ಕನ್ನು ಎತ್ತಿ, ಅಂಟಿದ್ದ ಒಲೆಯ ಬೂದಿ ಝಾಡಿಸಿ, ಅವನ ಕೈಗೇ ಕೊಟ್ಟರು.

"ನಾಳೆ ಗಡಿಗಿ ತೊಳಿಯೂ ಮುಂದ, ಒಂದು ಚಮಚಾ ಉಳಿಸು."