ಸದ್ದು ಮಾಡಿದವರು ಔಟು

ಒಂದು ಕಾಡಿನಲ್ಲಿ ಮಳೆ, ಚಳಿ, ಬಿಸಿಲು ಮೂರೂ ಸಾಲದು ಎಂಬಂತೆ ಹಿಮವೂ ಬೀಳುತ್ತಿತ್ತು. ಉತ್ತರದ ದೊಡ್ಡ ಬೆಟ್ಟಗಳ ಕಾಡು ಅದು. ಅಲ್ಲಿ ಹಿಮ ಶುರುವಾಯಿತೆಂದರೆ ಹುಲ್ಲು ಕಾಣದು, ದಾರಿ ಕಾಣದು, ಎದುರಿಗೆ ನಿಂತ ಬಿಳಿ ಮೊಲವೂ ಕಾಣದು. ಅದಕ್ಕೇ ಪ್ರತಿ ವರ್ಷ ಆ ದಿನಗಳಲ್ಲಿ ಪ್ರಾಣಿಗಳೆಲ್ಲ ಒಂದೇ ದೊಡ್ಡ ಗುಹೆಗೆ ಬಂದು ಸೇರುತ್ತಿದ್ದವು. ಗುಹೆಗೆ ಇದ್ದದ್ದು ಒಂದೇ ಕಟ್ಟಳೆ. ಹಿಮ ಕರಗುವವರೆಗೆ ಯಾರೂ ಯಾರನ್ನೂ ತಿನ್ನಬಾರದು. ಕರಗಿದ ಮೇಲೆ ಅವರವರ ಕಾಲು, ಅವರವರ ಓಟ.

ಗುಹೆಯ ಯಜಮಾನ ಕರಡಿ. ಎಲ್ಲರೂ ಅವನನ್ನು ದೊಡ್ಡಯ್ಯ ಎನ್ನುತ್ತಿದ್ದರು. ದೊಡ್ಡಯ್ಯ ಒಳ್ಳೆಯವನೇ. ಆದರೆ ಚಳಿಗಾಲದಲ್ಲಿ ಅವನ ಕಣ್ಣು ತೆರೆಸುವುದೇ ದೊಡ್ಡ ಕೆಲಸ. ಒಂದು ಮಾತು ಕೇಳಿದರೆ, ಉತ್ತರ ಬರುವಷ್ಟರಲ್ಲಿ ಕೇಳಿದವರಿಗೇ ನಿದ್ದೆ ಬರುತ್ತಿತ್ತು. ಅವನ ಬೆನ್ನ ಹಿಂದೆ, ಗುಹೆಯ ಕತ್ತಲೆ ಮೂಲೆಯಲ್ಲಿ, ಅಕ್ರೋಟು ಕಾಯಿಗಳ ರಾಶಿ ಇತ್ತು. ಎಲ್ಲರೂ ಸೇರಿ ಕೂಡಿಟ್ಟು ಮೇಲೆ ಒಣ ಎಲೆ ಮುಚ್ಚಿದ್ದರು. ಚಳಿಗಾಲದ ಕೊನೆಗೆ ಗೆಡ್ಡೆಯೂ ಸಿಗದು, ತೊಗಟೆಯೂ ಸಿಗದು. ಆಗ ಮರಿಗಳ ಹೊಟ್ಟೆಗೆ ಆ ರಾಶಿಯೇ ಗತಿ. ಹಾಗಾಗಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಆ ವರ್ಷ ಗುಹೆಯಲ್ಲಿ ಐದು ಪುಟ್ಟ ಮರಿಗಳಿದ್ದವು. ಮೊಲದ ಮರಿ ತುಂಬೆ. ದೊಡ್ಡಯ್ಯನ ಮೊಮ್ಮಗ ಡುಮ್ಮ. ಕೋತಿ ಮರಿ ಚಿಟ್ಟು. ಇನ್ನೆರಡು ಅವಳಿ ಆಡಿನ ಮರಿಗಳು. ಅವಕ್ಕೆ ಬೇರೆ ಬೇರೆ ಹೆಸರಿತ್ತು, ಆದರೆ ಯಾವುದು ಯಾವುದೆಂದು ಗುರುತು ಸಿಕ್ಕರೆ ತಾನೇ ಕರೆಯುವುದು! ಐದಕ್ಕೂ ನಡೆಯಲು ಈಗಷ್ಟೇ ಬಂದಿತ್ತು, ಮಾತು ಅರ್ಧಂಬರ್ಧ. ಹೊರಗೆ ಬಿಟ್ಟರೆ ಹಿಮದಲ್ಲಿ ಹೂತುಹೋಗುತ್ತವೆ. ಒಳಗೆ ಇಟ್ಟುಕೊಂಡರೆ ಗುಹೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತವೆ.

ತಾಯಂದಿರು ಬೆಳಿಗ್ಗೆ ಎದ್ದು ಹಿಮ ಕೆದಕಿ ಗೆಡ್ಡೆ ತರಲು ಹೋಗುತ್ತಿದ್ದರು. ಆಗ ಮರಿಗಳನ್ನು ನೋಡಿಕೊಳ್ಳುತ್ತಿದ್ದವಳು ಮುಳ್ಳುಹಂದಿ ಕೆಂಚಜ್ಜಿ. ಅವಳಿಗೆ ಒಂದು ಕಾಲು ಕುಂಟು. ಆಟಕ್ಕೆ ಮಾತ್ರ ಕುಂಟಿಲ್ಲ. ಒಂದು ದೊಡ್ಡ ಮರದ ಬೋಗುಣಿಯಲ್ಲಿ ಹೊರಗಿನ ಹಿಮವನ್ನೇ ತುಂಬಿಸಿ ಒಳಗೆ ತರುತ್ತಿದ್ದಳು.

"ನೀವು ಹಿಮದ ಹತ್ರ ಹೋಗೋ ಹಾಗಿಲ್ಲ. ಅದಕ್ಕೆ ಹಿಮಾನೇ ನಿಮ್ಮ ಹತ್ರ ಬಂದಿದೆ. ತಗೊಳ್ಳಿ!" ಎನ್ನುತ್ತಿದ್ದಳು.

ಮರಿಗಳು ಹಿಮದಲ್ಲಿ ಕೈ ಹಾಕುತ್ತಿದ್ದವು, ಕಿರುಚುತ್ತಿದ್ದವು, ಮತ್ತೆ ಕೈ ಹಾಕುತ್ತಿದ್ದವು. ಮಧ್ಯಾಹ್ನಕ್ಕೆ ಬೋಗುಣಿಯಲ್ಲಿ ಬರೀ ನೀರು. "ಹಿಮ ಎಲ್ಲಿ ಹೋಯ್ತು?" ಎಂದು ಅಜ್ಜಿ ಕೇಳಿದರೆ ಡುಮ್ಮ ಬೋಗುಣಿಯ ಅಡಿಗೆ ಇಣುಕಿ ಹುಡುಕುತ್ತಿದ್ದ. ಅಜ್ಜಿ ದೊಡ್ಡಯ್ಯನನ್ನು ಕೇಳಿ ಆಟಕ್ಕೆಂದು ಏಳು ಅಕ್ರೋಟು ತೆಗೆದುಕೊಂಡಿದ್ದಳು. "ದೊಡ್ಡದು ಈ ಕಡೆ, ಚಿಕ್ಕದು ಆ ಕಡೆ" ಎಂದು ಮರಿಗಳು ಅವನ್ನು ಬೇರೆ ಮಾಡಬೇಕು. ಆಮೇಲೆ ಎಲ್ಲವನ್ನೂ ಬೋಗುಣಿಗೆ ತುಂಬಬೇಕು, ಮತ್ತೆ ಸುರಿಯಬೇಕು. ಈ ವಯಸ್ಸಿನ ಮಕ್ಕಳನ್ನು ಕಂಡವರಿಗೆಲ್ಲ ಗೊತ್ತು. ಖಾಲಿ ಪಾತ್ರೆ ಕಂಡರೆ ತುಂಬುತ್ತವೆ, ತುಂಬಿದ ಪಾತ್ರೆ ಕಂಡರೆ ಸುರಿಯುತ್ತವೆ. ಎಷ್ಟು ಸಲ ಆಡಿದರೂ ಅವುಗಳ ಬಾಯಲ್ಲಿ ಒಂದೇ ಮಾತು: "ಅಜ್ಜಿ, ಇನ್ನೊಂದ್ಸಲ!"

ಇದರಿಂದ ಆಗುತ್ತಿದ್ದ ಸದ್ದು ಅಷ್ಟಿಷ್ಟಲ್ಲ. ಗಡಗಡ, ಲಟಲಟ, ಮೇಲೆ ಐದು ಗಂಟಲು. ಚಳಿಯಲ್ಲಿ ನಡುಗಿ, ದಣಿದು ಬಂದ ತಾಯಂದಿರಿಗೆ ತಲೆ ಸಿಡಿಯುತ್ತಿತ್ತು.

"ಒಂದು ಗಳಿಗೆ ಸುಮ್ನಿರೋಕಾಗಲ್ವೇನ್ರೋ!" ಎಂದು ತುಂಬೆಯ ತಾಯಿ ಬೆಳ್ಳಕ್ಕ ಒಂದು ದಿನ ಅಳುವ ದನಿಯಲ್ಲಿ ಹೇಳಿದಳು.

ಈ ಮಾತಿಗೇ ಕಾದಿದ್ದವನು ನರಿ ಸೊಗಸಪ್ಪ. ಗುಹೆಯ ಒಂದು ಪಕ್ಕಕ್ಕೆ ಬಿದ್ದಿದ್ದ ಟೊಳ್ಳು ಮರದ ದಿಮ್ಮಿ ಅವನ ಮನೆ. ದಿನವೆಲ್ಲ ಅದರ ಮುಂದೆ ಕೂತು ಬಾಲ ಬಾಚಿಕೊಳ್ಳುವುದು ಅವನ ಕೆಲಸ. ಗೆಡ್ಡೆ ತರಲು ಕರೆದರೆ ಅವನಿಗೆ ಎಲ್ಲಿಲ್ಲದ ಸೊಂಟನೋವು ಬರುತ್ತಿತ್ತು.

"ಬೆಳ್ಳಕ್ಕ, ಮಕ್ಕಳನ್ನ ನಂಗೆ ಬಿಡಿ. ಸದ್ದಿಲ್ಲದೆ ಆಡಿಸ್ತೀನಿ, ಶಿಸ್ತೂ ಕಲಿಸ್ತೀನಿ. ಅಜ್ಜಿಗೂ ವಯಸ್ಸಾಯ್ತು, ಪಾಪ, ಸ್ವಲ್ಪ ವಿಶ್ರಾಂತಿ ಸಿಗಲಿ" ಎಂದ ಅವನು ಬೆಣ್ಣೆಯಂಥ ದನಿಯಲ್ಲಿ.

ಮರುದಿನ ತಾಯಂದಿರು ಮರಳಿ ಬಂದರು. ಗುಹೆ ಗಪ್‌ಚುಪ್! ಐದೂ ಮರಿಗಳು ಬಾಯಿಯ ಮೇಲೆ ಬೆರಳಿಟ್ಟುಕೊಂಡು, ತುದಿಗಾಲಲ್ಲಿ, ಸಾಲಾಗಿ ನಡೆಯುತ್ತಿದ್ದವು. ತಾಯಂದಿರಿಗೆ ಸ್ವರ್ಗವೇ ಸಿಕ್ಕಂತಾಯಿತು.

"ಅಬ್ಬಾ! ಏನು ಮಾಡಿದ್ರಿ ಸೊಗಸಪ್ಪನೋರೆ?"

"ಏನಿಲ್ಲಕ್ಕ. ಮಕ್ಕಳ ಮನಸ್ಸು ಅರ್ಥ ಮಾಡ್ಕೋಬೇಕು, ಅಷ್ಟೇ."

ಅವನು ಮಾಡಿದ್ದು ಇಷ್ಟು. ತಾಯಂದಿರು ಹೊರಟ ಕೂಡಲೇ ಮರಿಗಳನ್ನು ಹತ್ತಿರ ಕರೆದು ಹೇಳಿದ್ದ: "ಇದು ಸದ್ದಿಲ್ಲದ ಆಟ. ಆ ರಾಶಿಯಿಂದ ಒಂದೊಂದೇ ಅಕ್ರೋಟು ಎತ್ಕೊಳ್ಳಿ. ದೊಡ್ಡಯ್ಯ ಏಳಬಾರದು. ಮೆತ್ತಗೆ ತಂದು ನನ್ನ ದಿಮ್ಮಿ ಒಳಗೆ ಹಾಕಿ. ಸದ್ದು ಮಾಡಿದವರು ಔಟು. ಮಾತಾಡಿದವರು ಔಟು. ಅಮ್ಮನಿಗೆ ಹೇಳಿದವರಂತೂ ಪೂರ್ತಿ ಔಟು!"

ಒಂದು ಕಡೆ ತುಂಬಿದ ರಾಶಿ, ಇನ್ನೊಂದು ಕಡೆ ಖಾಲಿ ದಿಮ್ಮಿ. ಮರಿಗಳಿಗೆ ಇನ್ನೇನು ಬೇಕು! ಆರು ದಿನ ಆಡಿದವು. ರಾಶಿ ಕರಗುತ್ತಾ ಬಂತು, ದಿಮ್ಮಿ ತುಂಬುತ್ತಾ ಹೋಯಿತು. ಮೇಲಿನ ಎಲೆ ಹಾಗೇ ಇದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ. ಸೊಗಸಪ್ಪ ಕೂತಲ್ಲಿಂದ ಏಳಲಿಲ್ಲ. ಬಾಲ ಮಾತ್ರ ದಿನದಿನಕ್ಕೂ ಮಿಂಚುತ್ತಿತ್ತು.

ಕೆಂಚಜ್ಜಿಗೆ ಮಾತ್ರ ಯಾಕೋ ಸಮಾಧಾನ ಇರಲಿಲ್ಲ. ಅವಳ ಮೂಲೆಯಿಂದ ದಿಮ್ಮಿ ಕಾಣುತ್ತಿರಲಿಲ್ಲ, ಮರಿಗಳ ಸದ್ದೂ ಕೇಳುತ್ತಿರಲಿಲ್ಲ. ಅವಳು ಬೆಳ್ಳಕ್ಕನನ್ನು ಕರೆದು ಹೇಳಿದಳು:

"ನೋಡವ್ವ, ಮಕ್ಕಳು ಗಲಾಟೆ ಮಾಡ್ತಿದ್ರೆ ಏನು ಮಾಡ್ತಿದಾವೆ ಅಂತ ಇಲ್ಲಿಂದಾನೇ ಗೊತ್ತಾಗುತ್ತೆ. ಸದ್ದೇ ಇಲ್ಲ ಅಂದ್ರೆ ಎದ್ದು ಹೋಗಿ ನೋಡ್ಬೇಕು."

ಬೆಳ್ಳಕ್ಕ ದಣಿದಿದ್ದಳು. ನೆಟ್ಟಗೆ ಮಾತಾಡುವ ತಾಳ್ಮೆ ಅವಳಿಗಿರಲಿಲ್ಲ. "ಅಜ್ಜಿ, ನಿಮ್ಮ ಕೈಲಿ ಆಗದ್ದನ್ನ ಅವರು ಮಾಡಿ ತೋರಿಸಿದ್ರು. ಅದಕ್ಕೆ ಹೊಟ್ಟೆಕಿಚ್ಚು ಪಡಬೇಡಿ" ಎಂದುಬಿಟ್ಟಳು.

ಅಜ್ಜಿ ಆಟದ ಏಳು ಅಕ್ರೋಟುಗಳನ್ನು ಬೋಗುಣಿಗೆ ಹಾಕಿ ಮೂಲೆಗೆ ಸರಿಸಿದಳು. ಆ ಮಾತಿನಿಂದ ಅವಳಿಗೆ ತುಂಬಾ ನೋವಾಯಿತು.

ಏಳನೆಯ ದಿನ ಬೆಳಿಗ್ಗೆ ದೊಡ್ಡಯ್ಯನಿಗೆ ಎಚ್ಚರವಾಯಿತು. ಬೆನ್ನಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ದಿನವೂ ಒರಗುತ್ತಿದ್ದ ರಾಶಿ ಅಲ್ಲಿ ಇರಲಿಲ್ಲ! ಎಲೆ ಸರಿಸಿ ನೋಡಿದರೆ ಅಡಿಯಲ್ಲಿ ಒಂದು ಹಿಡಿಯಷ್ಟು ಕಾಯಿ. ದೊಡ್ಡಯ್ಯ ಕೂಗಿದ ಕೂಗಿಗೆ ಗುಹೆಯ ಬಾಯಲ್ಲಿದ್ದ ಹಿಮ ಜಾರಿ ಬಿತ್ತು. ಹೊರಟಿದ್ದ ತಾಯಂದಿರು ಹಾಗೇ ನಿಂತರು. ಆಡಿನ ತಾಯಿ ಅಲ್ಲೇ ಕುಸಿದು ಕೂತಳು. ಹಿಮ ಇನ್ನೂ ಒಂದು ತಿಂಗಳು ಇರುತ್ತದೆ. ಮರಿಗಳಿಗೆ ಏನು ತಿನ್ನಿಸುವುದು?

ಎಲ್ಲರೂ ನಡುಗುಹೆಯಲ್ಲಿ ಸೇರಿದರು. ಸೊಗಸಪ್ಪ ಸೀದಾ ಕೆಂಚಜ್ಜಿಯ ಮೂಲೆಗೆ ಹೋಗಿ ಅವಳ ಬೋಗುಣಿ ಎತ್ತಿ ತಂದು ಎಲ್ಲರ ಮುಂದೆ ಬೋರಲು ಹಾಕಿದ. ಏಳು ಅಕ್ರೋಟು ಉರುಳಿದವು.

"ಇದೇನಜ್ಜಿ?"

"ಮಕ್ಕಳ ಆಟಕ್ಕೆ ತಗೊಂಡಿದ್ದು. ದೊಡ್ಡಯ್ಯನ್ನ ಕೇಳಿದ್ದೆ."

ಎಲ್ಲರೂ ದೊಡ್ಡಯ್ಯನ ಕಡೆ ನೋಡಿದರು. ದೊಡ್ಡಯ್ಯ ತಲೆ ಕೆರೆದುಕೊಂಡ. "ಕೇಳಿರ್ಬಹುದು. ನಂಗೆ ನೆನಪಿಲ್ಲ. ನಾನು ನಿದ್ದೇಲಿ ಎಲ್ಲದಕ್ಕೂ ಹೂಂ ಅಂತೀನಿ."

ಬೆಳ್ಳಕ್ಕ ಅಜ್ಜಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ನೆಲ ನೋಡುತ್ತಾ ನಿಂತಳು. ಕಳ್ಳತನ ಮಾಡಿದವರು ಗುಹೆ ಬಿಡಬೇಕು ಎಂದು ಯಾರೋ ಅಂದರು. ಯಾರೂ ಬೇಡ ಅನ್ನಲಿಲ್ಲ. ಕುಂಟು ಕಾಲಿನ ಮುದುಕಿ ಆ ಹಿಮದಲ್ಲಿ ಎಷ್ಟು ದೂರ ಹೋದಾಳು? ಅಜ್ಜಿ ಬೋಗುಣಿಯನ್ನು ನೆಟ್ಟಗೆ ಮಾಡಿದಳು. ಜೊತೆಗೆ ಒಯ್ಯಲು ಅವಳ ಬಳಿ ಅದೊಂದೇ ಇತ್ತು. ಅವಳ ಕಣ್ಣು ಮರಿಗಳನ್ನು ಹುಡುಕಿತು. ಒಂದೂ ಕಾಣಲಿಲ್ಲ.

ಸೊಗಸಪ್ಪನಿಗೆ ಇದೇ ಸಾಕಿತ್ತು, ಆದರೆ ಭಾಷಣ ಮಾಡದಿದ್ದರೆ ಅವನಿಗೆ ತಿಂದದ್ದು ಅರಗುತ್ತದೆಯೇ? ಅವನು ದಿಮ್ಮಿಗೆ ಬೆನ್ನು ಮಾಡಿ ನಿಂತು, ಬಾಲ ಹರಡಿ, ಶುರು ಮಾಡಿದ.

"ಬಂಧುಗಳೇ! ಮಕ್ಕಳನ್ನ ಬೆಳೆಸೋದು ಅಂದ್ರೆ ಏನು? ಪ್ರಾಮಾಣಿಕತೆ! ನನ್ನ ಹತ್ರ ಬಂದ ಮೇಲೆ ಈ ಮಕ್ಕಳು ಎಷ್ಟು ತಿದ್ದುಕೊಂಡಿದಾವೆ ನೋಡಿ!"

ಎಲ್ಲರೂ ನೋಡಿದರು. ನೋಡುತ್ತಲೇ ಇದ್ದರು.

ಆಗಿದ್ದೇನೆಂದರೆ, ಬೆಳಿಗ್ಗೆಯಿಂದ ಮರಿಗಳನ್ನು ಕೇಳುವವರೇ ಇರಲಿಲ್ಲ. ಆಟಕ್ಕೆ ರಾಶಿ ಬೇಕು. ಹಿಂದಿನ ರಾಶಿ ಮುಗಿದಿತ್ತು. ಉಳಿದಿದ್ದು ಸೊಗಸಪ್ಪನ ದಿಮ್ಮಿಯೊಳಗಿನ ರಾಶಿ. ಮತ್ತೆ ತುಂಬಲು ಖಾಲಿ ಪಾತ್ರೆ ಬೇಕು. ನಡುಗುಹೆಯಲ್ಲಿ, ಅಜ್ಜಿಯ ಮುಂದೆ, ಎಂಥ ಚೆಂದದ ಖಾಲಿ ಬೋಗುಣಿ! ಮೊದಲು ತುಂಬೆ ಬಂದಳು. ಬಾಯಿಯ ಮೇಲೆ ಬೆರಳು, ಕಂಕುಳಲ್ಲಿ ಅಕ್ರೋಟು. ಸೊಗಸಪ್ಪನ ಬೆನ್ನ ಹಿಂದೆ ತುದಿಗಾಲಲ್ಲಿ ಸುತ್ತಿ ಬಂದು, ಕಾಯಿಯನ್ನು ಬೋಗುಣಿಯಲ್ಲಿ ಮೆತ್ತಗೆ ಇಟ್ಟಳು. ಹಿಂದೆಯೇ ಚಿಟ್ಟು. ಅವನ ಹಿಂದೆ ಅವಳಿಗಳು. ದೊಡ್ಡ ಕಾಯಿ ಬೋಗುಣಿಯ ಈ ಕಡೆ, ಚಿಕ್ಕದು ಆ ಕಡೆ. ಅಜ್ಜಿ ಕಲಿಸಿದ್ದನ್ನು ಮರೆತಿರಲಿಲ್ಲ ಮರಿಗಳು.

ಎಲ್ಲರ ಕಣ್ಣುಗಳು ಅರಳಿದವು. ತನ್ನ ಭಾಷಣಕ್ಕೇ ಹೀಗೆ ಅರಳಿವೆ ಎಂದುಕೊಂಡ ಸೊಗಸಪ್ಪ ದನಿ ಇನ್ನೂ ಏರಿಸಿದ.

"ಕದ್ದ ಮಾಲು ಎಲ್ಲಿ ಬಚ್ಚಿಟ್ಟರೂ ಒಂದು ದಿನ ಹೊರಗೆ ಬರುತ್ತೆ! ತಾನಾಗೇ ನಡ್ಕೊಂಡು ಬರುತ್ತೆ!"

"ಬರ್ತಾ ಇದೆ" ಎಂದ ದೊಡ್ಡಯ್ಯ. ಆ ಚಳಿಗಾಲದಲ್ಲಿ ಮೊದಲ ಸಲ ಅವನ ಎರಡೂ ಕಣ್ಣು ತೆರೆದಿದ್ದವು.

ಕೊನೆಗೆ ಡುಮ್ಮ ಬಂದ. ಅವನಿಗೆ ಒಂದೊಂದೇ ಹೊರುವುದು ಬೇಸರ. ಹತ್ತು ಕಾಯಿಗಳನ್ನು ಎದೆಗೆ ಅವುಚಿಕೊಂಡಿದ್ದ. ಸುತ್ತಿ ಬರುವುದೂ ಬೇಸರ. ಸೀದಾ ಸೊಗಸಪ್ಪನ ಕಾಲುಗಳ ಮಧ್ಯೆ ನುಗ್ಗಿದ. ನರಿ ಬೆಚ್ಚಿ ಕೆಳಗೆ ನೋಡಿದ.

"ಏಯ್! ಅದು ನನ್ನ ಅಕ್ರೋಟು! ನನ್ನ ದಿಮ್ಮಿಯಿಂದ ಯಾಕೋ ತೆಗೆದೆ?" ಎಂದು ಚೀರಿದ.

ತುಂಬೆ ಎರಡು ಹೆಜ್ಜೆ ಮುಂದೆ ಬಂದಳು. ಬೆರಳನ್ನು ಬಾಯಿಯಿಂದ ತೆಗೆದು ನೆಟ್ಟಗೆ ಅವನ ಕಡೆ ತೋರಿಸಿದಳು.

"ನರಿಮಾಮ ಮಾತಾಡ್ದ! ನರಿಮಾಮ ಔಟು!"

ಉಳಿದ ನಾಲ್ಕೂ ಕುಣಿದವು: "ಔಟು! ಔಟು! ನರಿಮಾಮ ಔಟು!"

ಬೆಳ್ಳಕ್ಕ ಮಗಳನ್ನು ಎತ್ತಿಕೊಂಡು ಕೇಳಿದಳು, "ಈ ಆಟ ಯಾರು ಹೇಳ್ಕೊಟ್ರು ಕಂದಾ?" ತುಂಬೆ ತಾಯಿಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಹೇಗೂ ಆಟ ಮುಗಿದಿತ್ತಲ್ಲ. ಕೇಳುತ್ತಾ ಕೇಳುತ್ತಾ ಬೆಳ್ಳಕ್ಕನ ಕಿವಿಗಳು ನಾಚಿಕೆಯಿಂದ ಜೋತುಬಿದ್ದವು. ಅವಳು ಅಜ್ಜಿಯ ಮುಂದೆ ಹೋಗಿ ನಿಂತಳು.

"ತಪ್ಪಾಯ್ತಜ್ಜಿ. ನಂಗೆ ಸದ್ದಿಲ್ಲದಿದ್ರೆ ಸಾಕಾಗಿತ್ತು. ಮಕ್ಕಳು ಏನು ಮಾಡ್ತಿದಾವೆ ಅಂತ ನೋಡ್ಲೇ ಇಲ್ಲ."

"ಹೋಗ್ಲಿ ಬಿಡವ್ವ. ದಣಿದು ಬಂದವರಿಗೆ ಎಷ್ಟು ಕಡೆ ಅಂತ ಕಣ್ಣು" ಎಂದಳು ಅಜ್ಜಿ. ಅವಳ ಕಣ್ಣು ಒದ್ದೆಯಾಗಿತ್ತು.

ದೊಡ್ಡಯ್ಯ ಎದ್ದು ನಿಂತು ಗುಹೆಯ ಬಾಗಿಲು ತೋರಿಸಿದ. "ನಡಿ ಸೊಗಸಪ್ಪ. ಹೊರಗೆ."

ಸೊಗಸಪ್ಪ ಬಾಲ ಮುದುರಿಕೊಂಡ. ಅಜ್ಜಿ ಅಡ್ಡ ಬಂದಳು.

"ಈ ಹಿಮದಲ್ಲಿ ಯಾರನ್ನೂ ಹೊರಗೆ ಹಾಕ್ಬೇಡಿ ದೊಡ್ಡಯ್ಯ. ಈಗ ತಾನೇ ನಾನು ಆ ಬಾಗಿಲು ನೋಡಿದೀನಿ, ಅದರ ಕಷ್ಟ ನಂಗೊತ್ತು. ಮಕ್ಕಳನ್ನ ಆಡಿಸ್ತೀನಿ ಅಂತ ಇವನೇ ಒಪ್ಕೊಂಡಿದ್ನಲ್ಲ? ಆಡಿಸ್ಲಿ. ಹಿಮ ಕರಗೋವರೆಗೂ, ದಿನಾ. ಆದ್ರೆ ಸದ್ದು ಮಾಡ್ಕೊಂಡು!"

ಅಂದಿನಿಂದ ಗುಹೆಯ ಗಡಗಡ ಲಟಲಟ ಮತ್ತೆ ಶುರುವಾಯಿತು. ಸೊಗಸಪ್ಪ ಮುಂಜಾನೆಯೇ ಎದ್ದು ಬೋಗುಣಿಯಲ್ಲಿ ಹಿಮ ಹೊತ್ತು ತರುತ್ತಿದ್ದ. ಆಮೇಲೆ ಕುದುರೆಯಾಗುತ್ತಿದ್ದ. ಆಮೇಲೆ ಜಾರುಬಂಡಿ. ಡುಮ್ಮ ಅವನ ಬೆನ್ನ ಮೇಲಿಂದ ಜಾರಿ, ಬಾಲ ಹಿಡಿದು ಮತ್ತೆ ಹತ್ತುತ್ತಿದ್ದ. ಕೆಂಚಜ್ಜಿ ಪಕ್ಕದಲ್ಲಿ ಕೂತು, "ದೊಡ್ಡ ಕಾಯಿ ಯಾವ ಕಡೆ ಸೊಗಸಪ್ಪ? ನೀನೂ ಕಲಿ" ಎನ್ನುತ್ತಿದ್ದಳು. ತಾಯಂದಿರು ಸಂಜೆ ಬಂದು, ಗಲಾಟೆ ಕೇಳಿ, ನಕ್ಕು, ಒಂದು ಗಳಿಗೆ ತಾವೂ ಕೂತು ಆಡುತ್ತಿದ್ದರು. ಅಕ್ರೋಟಿನ ರಾಶಿ ದೊಡ್ಡಯ್ಯನ ಬೆನ್ನಿಗೆ ಮತ್ತೆ ಒರಗಿಕೊಂಡಿತು, ಐದೂ ಮರಿಗಳು ವಸಂತದ ಮೊದಲ ಹುಲ್ಲು ನೋಡಿದವು.

ಹಿಮ ಕರಗಿದ ದಿನ ಸೊಗಸಪ್ಪ ಹೊರಗೆ ಓಡಿ ಬಂದು ತೊರೆಯ ನೀರಿನಲ್ಲಿ ತನ್ನ ಬಾಲ ನೋಡಿಕೊಂಡ. ಸವೆದ ಪೊರಕೆಯ ಹಾಗಿತ್ತು. ಬಾಚಲು ಕೂದಲೇ ಉಳಿದಿರಲಿಲ್ಲ. ಅವನು ಉಸಿರು ಬಿಟ್ಟು ಸದ್ದಿಲ್ಲದೆ, ತುದಿಗಾಲಲ್ಲಿ, ಪೊದೆಯ ಕಡೆ ಹೆಜ್ಜೆ ಹಾಕಿದ.

ಹಿಂದಿನಿಂದ ಐದು ಗಂಟಲು ಒಟ್ಟಿಗೆ ಕೂಗಿದವು:

"ನರಿಮಾಮಾ! ಇನ್ನೊಂದ್ಸಲ!"

ನೀತಿ: ಆಟದ ನೆಪದಲ್ಲಿ ಮಕ್ಕಳಿಗೆ ಮೋಸ ಕಲಿಸಿದವನು ಆ ಮಕ್ಕಳ ಕೈಗೇ ಸಿಕ್ಕಿಬೀಳುತ್ತಾನೆ. ಮನೆಯಲ್ಲಿ ಮಕ್ಕಳ ಗಲಾಟೆ ಕೇಳಿಸಿದರೆ ಗೊಣಗಬೇಡಿ, ಕೇಳಿಸದಿದ್ದರೆ ಎದ್ದು ಹೋಗಿ ನೋಡಿ.